ಅತ್ತೆ ಗೀಚಿದ ದಾರಿ

ತೈವಾನಿನ ಮೇಯ್ನುಂಗ್ ಪೇಟೆಯ ಹೆಂಗಸರು ತಂಡ ಕಟ್ಟಿಕೊಂಡು ವಿಯೆಟ್ನಾಮಿಗೆ ಹೋಗಿ, ಒಬ್ಬೊಬ್ಬರೂ ಎರಡೆರಡು ರಬ್ಬರ್ ದಿಂಬು ಹೊತ್ತು ತಂದದ್ದನ್ನು ನೋಡಿದಾಗಿನಿಂದ ಯೂ-ಲುವಾನಳಿಗೆ ಸುಮ್ಮನಿರಲಾಗಲಿಲ್ಲ. ಐದು ದಿನದ ಪ್ರವಾಸದಲ್ಲಿ ಎರಡು ದಿನ ಅವರನ್ನು ಅಂಗಡಿಗಳಲ್ಲೇ ಕೂಡಿಹಾಕಿದ್ದರಂತೆ. ದಿಂಬು ತರುವುದಕ್ಕೆ ವಿಮಾನ ಯಾಕೆ ಹತ್ತಬೇಕಿತ್ತು ಎಂದು ಅವಳು ತನ್ನ ಶಾವಿಗೆ ಅಂಗಡಿಗೆ ಬಂದವರನ್ನೆಲ್ಲ ಕೇಳಿದಳು. ಕೊನೆಗೆ ಔಷಧಿ ಅಂಗಡಿಯವನ ಹೆಂಡತಿ ಬಟ್ಟಲು ಕೆಳಗಿಟ್ಟು, "ಬಾಯಲ್ಲಿ ಯಾರು ಬೇಕಾದ್ರೂ ಲೋಕ ಸುತ್ತಬಹುದು, ಅಕ್ಕ. ನೀನೊಂದ್ಸಲ ಹೋಗಿ ಬಾ ನೋಡೋಣ" ಎಂದಳು.

ಅವತ್ತೇ ಯೂ-ಲುವಾನ್ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು, ಅದರ ಬೆನ್ನ ಮೇಲೆ ದಾರಿ ಗೀಚತೊಡಗಿದಳು.

ಅರವತ್ತಾರು ವರ್ಷ ವಯಸ್ಸು. ಗಂಡ ತೀರಿಕೊಂಡು ಇಪ್ಪತ್ತು ವರ್ಷ. ತೈವಾನ್ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟವಳಲ್ಲ. ಆದರೆ ಒಂದು ಸೇರು ಅಕ್ಕಿಯಲ್ಲಿ ಎಷ್ಟು ಬಟ್ಟಲು ಶಾವಿಗೆ ಎಬ್ಬಿಸಬಹುದೆಂದು ಬಲ್ಲವಳಿಗೆ ಹದಿಮೂರು ದಿನದ ಪ್ರಯಾಣ ಎಬ್ಬಿಸುವುದೇನು ಮಹಾ? ಸೈಗಾನಿಗೆ ಅಗ್ಗದ ವಿಮಾನ. ಅಲ್ಲಿಂದ ಬಸ್ಸಿನಲ್ಲಿ ಗಡಿಯ ಚೌದಾಕ್ ಪಟ್ಟಣ. ಚೌದಾಕಿನಿಂದ ದೋಣಿ ಹಿಡಿದು ಮೆಕಾಂಗ್ ನದಿಯಲ್ಲಿ ಮೇಲಕ್ಕೆ ಹೋದರೆ ಕಾಂಬೋಡಿಯಾ, ಅದರ ರಾಜಧಾನಿ ನಾಮ್ ಪೆನ್. ಮತ್ತೆ ಬಸ್ಸು, ಅಂಗ್ಕೋರಿನ ಗುಡಿಗಳು. ತಲೆಗೊಂದು ಚೀಲ, ಏಳು ಕಿಲೋ ಮೀರುವಂತಿಲ್ಲ. ಏಜೆಂಟರಿಲ್ಲ, ಬಾವುಟ ಹಿಡಿದು ಮುಂದೆ ನಡೆಯುವವನೂ ಇಲ್ಲ. ಮನೆಯಲ್ಲೇ ವಿಯೆಟ್ನಾಮಿನ ಸೊಸೆ ಇರುವಾಗ ಅವನ ಹಂಗು ಯಾಕೆ?

ಸೊಸೆಯ ಹೆಸರು ಥೋಮ್. ಹದಿನಾರು ವರ್ಷದ ಹಿಂದೆ ದಲ್ಲಾಳಿಯ ಮೂಲಕ ಬಂದ ಸಂಬಂಧ. ಮಗ ಟಿಂಗ್-ಫಾಂಗ್ ಕೊಳದಲ್ಲಿ ಸೊಪ್ಪು ಬೆಳೆಯುವವನು. ಎದೆಮಟ್ಟ ನೀರಲ್ಲಿ ದಿನವಿಡೀ ನಿಲ್ಲುವವನಿಗೆ ಊರಲ್ಲಿ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ಮೊದಮೊದಲು ಗಿರಾಕಿಗಳು ಥೋಮಳನ್ನು 'ಕೊಂಡುತಂದ ಸೊಸೆ' ಎಂದು ಆಡಿಕೊಂಡಾಗ ಯೂ-ಲುವಾನ್ ಸೌಟನ್ನು ಅವರ ಮೇಜಿನ ಮೇಲೆ ಕುಕ್ಕಿ, ಇನ್ನೊಂದು ಸಲ ಹೇಳಿ ಎಂದಿದ್ದಳು. ಯಾರೂ ಹೇಳಲಿಲ್ಲ. ಈಗ ಕಣ್ಣು ಮುಚ್ಚಿಕೊಂಡು ಕೇಳಿದರೆ ಥೋಮ್ ಮೇಯ್ನುಂಗಿನಲ್ಲೇ ಹುಟ್ಟಿದವಳು. ಊರಿನ ಹಕ್ಕಾ ಮಾತಿನಲ್ಲಿ ಬೈಯಲೂ ಬಲ್ಲಳು, ಚೌಕಾಸಿಯನ್ನೂ ಮಾಡಬಲ್ಲಳು. ತವರೊಂದಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಪ್ರವಾಹದಲ್ಲಿ ಹೋದರೆಂದು ಬಂದ ವರ್ಷವೇ ಹೇಳಿದ್ದಳು. ಅಂದಿನಿಂದ ಪ್ರತಿ ವರ್ಷ ಮೊದಲ ತಿಂಗಳ ಹುಣ್ಣಿಮೆ ಕಳೆದು ಹಿರಿಯರ ಗೋರಿ ಗುಡಿಸುವಾಗ, ಪದ್ಧತಿಯಲ್ಲಿ ಇಲ್ಲದಿದ್ದರೂ ಯೂ-ಲುವಾನ್ ಒಂದು ಹಿಡಿ ಧೂಪವನ್ನು ಹೆಚ್ಚಾಗಿ ಹಚ್ಚಿ ತೆಂಕಣ ದಿಕ್ಕಿಗೆ ಸಿಕ್ಕಿಸುತ್ತಿದ್ದಳು. ಬೀಗರಿಗೂ ಒಂದು ಪಾಲು ಇರಲಿ ಎಂದು.

ಪ್ರಯಾಣದ ಮಾತೆತ್ತಿದಾಗ ಥೋಮ್ ಬರುವುದಿಲ್ಲವೆಂದಳು. ಅಂಗಡಿ ಯಾರು ನೋಡಿಕೊಳ್ಳುತ್ತಾರೆ, ಮಗಳ ಪರೀಕ್ಷೆ, ನನಗೆ ಬಸ್ಸಿನಲ್ಲಿ ವಾಂತಿ ಎಂದು ಮೂರು ದಿನ ಮೂರು ನೆಪ ಹೇಳಿದಳು. ತವರಿಲ್ಲದ ಊರಿಗೆ ಹೋಗಲು ಸಂಕಟವಿರಬೇಕೆಂದು ಯೂ-ಲುವಾನ್ ತಿಳಿದಳು. ಬಾಯಿ ಬಿಡದೆ ಇಬ್ಬರ ಹೆಸರಿನಲ್ಲೂ ಟಿಕೆಟ್ ತೆಗೆಸಿದಳು. ಮದುವೆಯ ಕಾಗದ ಹುಡುಕಿ, ಅದರಲ್ಲಿದ್ದ ಹಳ್ಳಿಯ ಹೆಸರನ್ನು ನೋಡಿ, ಚೌದಾಕಿನ ಪಕ್ಕ ಕೆಂಪು ಚುಕ್ಕೆ ಇಟ್ಟಳು. ಹೇಗೂ ಬಸ್ಸು ಅದೇ ದಾರಿಯಲ್ಲಿ ಹೋಗುತ್ತದೆ. ಒಂದು ದಿನ ಇಳಿದು ಬೀಗರ ಗೋರಿಗೆ ಧೂಪ ಹಚ್ಚಿದರೆ ಸೊಸೆಯ ಮನಸ್ಸು ಹಗುರಾದೀತು.

ಹೊಸ ವರ್ಷದ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು. ಯೂ-ಲುವಾನ್ ನಾಮ್ ಪೆನ್ನಿನ ಒಂದು ಸಣ್ಣ ವಸತಿಗೃಹಕ್ಕೆ ಫೋನ್ ಹಚ್ಚಿದ್ದಳು. ನಂಬರನ್ನು ಗಿರಾಕಿಯೊಬ್ಬ ಕೊಟ್ಟಿದ್ದ. ಆಚೆಯವನಿಗೆ ಬರುತ್ತಿದ್ದ ಚೀನೀ ಮಾತು ಹತ್ತೋ ಹದಿನೈದೋ. ಅವನು ಕೋಣೆಗೆ ಇಪ್ಪತ್ತೈದು ಡಾಲರ್ ಎನ್ನುತ್ತಿದ್ದ, ಇವಳು ಹದಿನೈದು ಎಂದು ಕೂಗುತ್ತಿದ್ದಳು. ಫ್ಯಾನಿನ ಕೋಣೆ ಎಂದರೆ ಅವನಿಗೆ ತಿಳಿಯದು. ಇವಳು ಗಾಳಿ ಬೀಸುವ ಸದ್ದನ್ನೇ ಬಾಯಲ್ಲಿ ಮಾಡಿ ತೋರಿಸಿದಳು. ಅವನು ಮತ್ತೆ ಇಪ್ಪತ್ತೈದು ಎಂದ.

ಮೇಜು ಒರೆಸುತ್ತಿದ್ದ ಥೋಮ್ ಬಟ್ಟೆಯನ್ನು ಬಿಸುಟು ಬಂದು ಅತ್ತೆಯ ಕೈಯಿಂದ ಫೋನ್ ಕಸಿದುಕೊಂಡಳು. ಏನೋ ಅಂದಳು. ಆಚೆಯವನು ಏನೋ ಅಂದ. ಥೋಮ್ ನಕ್ಕಳು, ಗದರಿದಳು, ಮತ್ತೆ ನಕ್ಕಳು. ಒಂದು ನಿಮಿಷವೂ ಆಗಿರಲಿಲ್ಲ.

"ಹನ್ನೆರಡಕ್ಕೆ ಒಪ್ಪಿದ. ಬೆಳಗಿನ ಗಂಜಿನೂ ಕೊಡ್ತಾನಂತೆ" ಎಂದು ಫೋನನ್ನು ಮೇಜಿನ ಮೇಲಿಟ್ಟಳು.

ಯೂ-ಲುವಾನ್ ಭೇಷ್ ಎನ್ನಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು.

"ಥೋಮ್, ಅದು ಕಾಂಬೋಡಿಯಾ ಅಲ್ವೇನೆ?"

ಥೋಮ್ ಬಿಸುಟ ಬಟ್ಟೆಯನ್ನು ಮತ್ತೆ ಎತ್ತಿಕೊಂಡಳು. ಗಡಿಯ ಆಚೆಗೂ ವಿಯೆಟ್ನಾಮಿ ಭಾಷೆ ನಡೆಯುತ್ತದೆಂದು ತೊದಲಿ, ಪಾತ್ರೆಗಳಿವೆ ಎಂದು ಒಳಗೆ ಹೋದಳು.

ಯೂ-ಲುವಾನ್ ಅದನ್ನು ನಂಬಲು ನೋಡಿದಳು. ಕಿವಿ ಒಪ್ಪಲಿಲ್ಲ. ಸಂತೆಯಲ್ಲಿ ಕರಿದ ಸುರುಳಿ ಮಾರುವ ಹಾನ್ ಎಂಬ ವಿಯೆಟ್ನಾಮಿನ ಹೆಂಗಸು ಫೋನಿನಲ್ಲಿ ಮಾತಾಡುವುದನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಅದು ಹಕ್ಕಿಯ ಕುಪ್ಪಳಿಕೆಯಂತೆ ಏರಿ ಇಳಿಯುವ ಮಾತು. ಥೋಮ್ ಆಡಿದ್ದು ನಾಲಿಗೆಯನ್ನು ಗರಗರ ಉರುಳಿಸುವ ಮಾತು. ಅದನ್ನು ಕೇಳಿದ್ದೂ ಹೊಸದಾಗಿರಲಿಲ್ಲ. ದಿನಾ ಮಧ್ಯಾಹ್ನ ಹಿತ್ತಲಿನ ಕೊಳಾಯಿಯ ಹತ್ತಿರ ಫೋನ್ ಹಿಡಿದು ಥೋಮ್ ಆಡುತ್ತಿದ್ದದ್ದು ಇದನ್ನೇ. ಊರಿನ ಗೆಳತಿಯೆಂದು ಹೇಳುತ್ತಿದ್ದಳು. ಐದು ವರ್ಷದಿಂದ ಯೂ-ಲುವಾನ್ ಆ ಸದ್ದಿನ ಪಕ್ಕದಲ್ಲೇ ಕೂತು ಈರುಳ್ಳಿ ಹೆಚ್ಚಿದ್ದಳು.

ಮರುದಿನ ಅವಳು ಹಾನಳನ್ನು ಶಾವಿಗೆ ತಿನ್ನಲು ಕರೆದಳು. ಹಿತ್ತಲಲ್ಲಿ ಮಾತು ಶುರುವಾದದ್ದೇ ಅವಳ ಮೊಣಕೈ ಹಿಡಿದು ಬಾಗಿಲ ಹಿಂದೆ ನಿಲ್ಲಿಸಿ, "ಏನು ಹೇಳ್ತಿದಾಳೆ ಹೇಳು" ಎಂದು ಪಿಸುಗುಟ್ಟಿದಳು.

ಹಾನ್ ಸ್ವಲ್ಪ ಹೊತ್ತು ಆಲಿಸಿದಳು. ಬಾಯಲ್ಲಿದ್ದದ್ದನ್ನು ನುಂಗಿದಳು.

"ನಂಗೊಂದಕ್ಷರನೂ ಅರ್ಥ ಆಗ್ತಿಲ್ಲ ಅಮ್ಮ. ಇದು ನಮ್ಮ ಭಾಷೆನೇ ಅಲ್ಲ."

ಆಮೇಲೆ ಯೂ-ಲುವಾನಳ ಮುಖ ನೋಡಿ, ತಾನು ಇವತ್ತು ಇಲ್ಲಿಗೆ ಬಂದೇ ಇಲ್ಲವೆಂದು ಹೇಳಿ, ಅರ್ಧ ಬಟ್ಟಲು ಬಿಟ್ಟು ಹೊರಟುಹೋದಳು.

ಬೆಳಗಿನ ಜಾವ ಅಕ್ಕಿ ಹಿಟ್ಟನ್ನು ತಟ್ಟೆಗೆ ಹುಯ್ದು ಹಬೆಯಲ್ಲಿ ಬೇಯಿಸುವುದು ಅತ್ತೆ ಸೊಸೆಯರ ದಿನದ ಕೆಲಸ. ಹಬೆಯಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಸರಿಯಾಗಿ ಕಾಣುವುದಿಲ್ಲ. ಯೂ-ಲುವಾನ್ ಕ್ಯಾಲೆಂಡರಿನ ಹಾಳೆಯನ್ನು ಹಿಟ್ಟಿನ ಮಣೆಯ ಮೇಲೆ ಹರಡಿದಳು.

"ಇಲ್ಲಿ ಕೆಂಪು ಚುಕ್ಕೆ ಇಟ್ಟಿದೀನಿ. ನಿನ್ನ ಅಪ್ಪ ಅಮ್ಮನ ಗೋರಿ ಇಲ್ಲಿದೆ ಅಂತ. ಇದೆಯೋ ಇಲ್ವೋ?"

ಥೋಮ್ ಹಾಳೆಯ ಮೇಲೆ ಬಗ್ಗಿದಳು. ಆಮೇಲೆ ಹಿಟ್ಟು ಮೆತ್ತಿದ ಬೆರಳನ್ನು ಆ ಚುಕ್ಕೆಯ ಮೇಲಿಟ್ಟು, ನದಿಯ ಗೆರೆಯ ಮೇಲೆ ಎಳೆದುಕೊಂಡು ಹೋಗಿ, ಗಡಿ ದಾಟಿಸಿ, ಅತ್ತೆ ದೋಣಿಗೆಂದು ಹಾಕಿದ್ದ ಚುಕ್ಕೆಗೆರೆಯ ಮೇಲೆಯೇ ನಿಲ್ಲಿಸಿದಳು. ಹಾಳೆಯ ಮೇಲೆ ಬಿಳಿಯ ಗುರುತು ಉಳಿಯಿತು.

"ನಮ್ಮಮ್ಮ ಇಲ್ಲಿದಾಳೆ ಅತ್ತೆ. ಬದುಕಿದಾಳೆ."

ಯೂ-ಲುವಾನಳ ಕೈಯಲ್ಲಿದ್ದ ಬಿಸಿ ತಟ್ಟೆ ಓರೆಯಾಗಿ ಹಿಟ್ಟು ನೆಲಕ್ಕೆ ಚೆಲ್ಲಿತು. ಇಬ್ಬರೂ ಅದನ್ನು ಬಳಿಯಲಿಲ್ಲ.

ಥೋಮ್ ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಅವಳು ಹುಟ್ಟಿದ್ದು ಕಾಂಬೋಡಿಯಾದ ನದಿ ದಂಡೆಯಲ್ಲಿ. ಅಪ್ಪ ಸತ್ತ ಮೇಲೆ ಹದಿನಾಲ್ಕನೆಯ ವಯಸ್ಸಿಗೆ ಗಡಿ ದಾಟಿ ಚೌದಾಕಿನ ಒಂದು ಶಾವಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಂಗಡಿಯವರಿಗೆ ಇವಳ ವಯಸ್ಸಿನದೇ ಮಗಳೊಬ್ಬಳಿದ್ದಳು. ಇಬ್ಬರೂ ಒಂದೇ ಚಾಪೆಯಲ್ಲಿ ಮಲಗುತ್ತಿದ್ದರು. ಥೋಮ್ ಎಂದರೆ ಆ ಹುಡುಗಿ. ತೈವಾನಿನ ಗಂಡಿಗೆ ಗೊತ್ತಾದವಳು ಅವಳೇ. ಕಾಗದಗಳೆಲ್ಲ ಸಿದ್ಧವಾಗಿ, ಮದುವೆಗೆ ಹನ್ನೆರಡು ದಿನ ಇದ್ದಾಗ ಜ್ವರ ಬಂತು. ನಾಲ್ಕೇ ದಿನದಲ್ಲಿ ಹೋಗಿಬಿಟ್ಟಳು. ದಲ್ಲಾಳಿಗೆ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಸ್ಥಿತಿ ಅವರಿಗಿರಲಿಲ್ಲ. ಸಾವನ್ನು ಯಾರಿಗೂ ತಿಳಿಸದೆ, ಹೊಲದ ಬದುವಿನಲ್ಲಿ ಹೂತು, ಅಂಗಡಿಯಾಕೆ ಇವಳ ಕಾಲು ಹಿಡಿದಳಂತೆ.

"ಅವಳ ಬಟ್ಟೆ ನಂಗೆ ಸರಿಹೋಗ್ತಿತ್ತು" ಎಂದಳು ಥೋಮ್. "ಅದಕ್ಕೇ ನನ್ನ ಕೇಳಿದ್ರು."

ಹದಿನಾರು ವರ್ಷ ತಾನು ಕೂಗಿ ಕರೆದದ್ದು ಸತ್ತ ಹುಡುಗಿಯೊಬ್ಬಳ ಹೆಸರನ್ನು ಎಂಬುದು ಯೂ-ಲುವಾನಳ ತಲೆಗೆ ನಿಧಾನವಾಗಿ ಇಳಿಯಿತು. ಥೋಮ್ ಊಟಕ್ಕೆ ಬಾ. ಥೋಮ್ ಸೊಪ್ಪು ತೊಳಿ. ಹೆರಿಗೆಯ ದಿನ ಆಸ್ಪತ್ರೆಯ ಮಂಚದ ಪಕ್ಕ ನಿಂತು, ಥೋಮ್, ಇನ್ನೊಂದೇ ಸಲ ಮುಕ್ಕರಿಸು ಎಂದಿದ್ದು.

"ನಿನ್ನ ಹೆಸರೇನು ಹಾಗಾದ್ರೆ?"

"ಚಾಂತ್ರಿಯಾ."

ಯೂ-ಲುವಾನ್ ಅದನ್ನು ನಾಲಿಗೆಯ ಮೇಲೆ ತರಲು ಹೋಗಿ ಸೋತಳು. ಅಲ್ಲಿಂದೆದ್ದು, ಒಲೆ ಉರಿಯುತ್ತಿದ್ದಂತೆಯೇ ಚಪ್ಪಲಿ ಮೆಟ್ಟಿಕೊಂಡು ಮಗನ ಕೊಳದ ಕಡೆ ನಡೆದಳು.

ಟಿಂಗ್-ಫಾಂಗ್ ರಬ್ಬರ್ ಅಂಗಿ ತೊಟ್ಟು ನೀರಲ್ಲಿ ನಿಂತು ಸೊಪ್ಪಿನ ಉದ್ದನೆಯ ದಂಟುಗಳನ್ನು ಕೀಳುತ್ತಿದ್ದ. ನಿನ್ನ ಹೆಂಡತಿ ಯಾರು ಗೊತ್ತೇನೋ ಎಂದು ತಾಯಿ ಏರಿಯ ಮೇಲಿನಿಂದ ಕೇಳಿದಳು. ಅವನು ಗಾಬರಿಯಾಗಲಿಲ್ಲ. ಕೈಯಲ್ಲಿದ್ದ ಕಟ್ಟನ್ನು ನೀರಿನ ಮೇಲೆ ತೇಲಿಬಿಟ್ಟು, ತಲೆ ಬಗ್ಗಿಸಿ ನಿಂತ. ಆ ನಿಲುವನ್ನು ನೋಡಿಯೇ ಯೂ-ಲುವಾನಳಿಗೆ ಗೊತ್ತಾಯಿತು. ಏರಿಯ ಮೇಲೆಯೇ ಕುಕ್ಕರಿಸಿದಳು.

"ಯಾವಾಗಿಂದ?"

"ಮದುವೆ ದಿನದಿಂದ. ಹೆಣ್ಣು ನೋಡೋಕೆ ಹೋದಾಗ ಕಂಡೋಳು ಬೇರೆ, ಮದುವೆ ಬಟ್ಟೆ ತೊಟ್ಟು ಕೂತಿದ್ದೋಳು ಬೇರೆ. ಇವಳಲ್ಲ ಅಂತ ಹೇಳೋಕೆ ಬಾಯಿ ತೆಗ್ದೆ. ಅವಳು ನನ್ನನ್ನೊಂದ್ಸಲ ನೋಡಿದ್ಲು. ನಾನು ಬಾಯಿ ಮುಚ್ಕೊಂಡೆ."

"ನಂಗ್ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನಿಂಗೂ ಹೊರೆ. ಯಾರಾದ್ರೂ ಕಾಗದ ಕೆದಕಿದ್ರೆ ಅವಳನ್ನ ವಾಪಸ್ ಕಳಿಸ್ತಾರಮ್ಮ. ಎಲ್ಲಿಗೆ ಕಳಿಸ್ತಾರೋ ಅದೂ ಗೊತ್ತಿಲ್ಲ."

ವಿಮಾನ ನಿಲ್ದಾಣದಲ್ಲಿ ಸೊಸೆಯನ್ನು ಮೊದಲ ಸಲ ಕಂಡಾಗ, ಫೋಟೋದಲ್ಲಿ ಗಲ್ಲ ಇನ್ನೂ ಉದ್ದವಿತ್ತಲ್ಲ ಎಂದು ತಾನೇ ಕೇಳಿದ್ದು ಯೂ-ಲುವಾನಳಿಗೆ ನೆನಪಾಯಿತು. ಫೋಟೋದವರು ಏನು ಬೇಕಾದರೂ ಮಾಡುತ್ತಾರೆ ಎಂದು ಮಗ ಅಂದಿದ್ದ. ಅವಳು ನಕ್ಕು ಸುಮ್ಮನಾಗಿದ್ದಳು.

ಮೂರು ದಿನ ಅವಳು ಯಾರೊಂದಿಗೂ ಮಾತಾಡಲಿಲ್ಲ. ಗಿರಾಕಿಗಳಿಗೆ ಬಟ್ಟಲು ಇಟ್ಟು ತಿರುಗುತ್ತಿದ್ದಳು. ಮೋಸ ಹೋದೆನೆಂಬ ಸಿಟ್ಟಿಗಿಂತ ಆ ಧೂಪದ ನೆನಪೇ ಅವಳನ್ನು ಹೆಚ್ಚು ಹಿಂಡುತ್ತಿತ್ತು. ಎಲ್ಲೋ ನದಿ ದಂಡೆಯಲ್ಲಿ ಉಂಡುಟ್ಟುಕೊಂಡಿರುವ ಹೆಂಗಸಿಗೆ ಹದಿನಾರು ವರ್ಷ ಗೋರಿಯ ಧೂಪ ಹಚ್ಚಿದ್ದಳು. ಬದುಕಿರುವವರಿಗೆ ತಿಥಿ ಮಾಡಿದಂತೆ. ಆ ಪುಣ್ಯಾತ್ಗಿತ್ತಿ ಇನ್ನೂ ಬದುಕಿರುವುದೇ ಹೆಚ್ಚು. ಸತ್ತ ಹುಡುಗಿಗಾದರೋ ಒಂದು ಕಡ್ಡಿಯೂ ಸಿಕ್ಕಿರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಅಂಗಡಿಯ ಬಾಗಿಲ ಪಕ್ಕ ಒಂದು ಚೀಲ ಕಂಡಿತು. ಥೋಮ್ ಅದರ ಪಕ್ಕದ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು.

"ಎಲ್ಲಿಗೆ ಹೊರಟೆ?"

"ಗೊತ್ತಿಲ್ಲ ಅತ್ತೆ. ನೀವು ಹೇಳೋಕೆ ಮುಂಚೆ ನಾನೇ ಹೊರಡೋಣ ಅಂತ."

ಯೂ-ಲುವಾನ್ ಚೀಲವನ್ನು ಎತ್ತಿ ತೂಗಿ ನೋಡಿದಳು. ಎಷ್ಟೋ ದಿನದಿಂದ ಅನ್ನ ಕಾಣದವಳಂತೆ ಸುಸ್ತಾಗಿದ್ದಳು.

"ಹೊರಡೋದಾದ್ರೆ ಇಪ್ಪತ್ತನೇ ತಾರೀಕು ಹೊರಡು. ಇಬ್ಬರದ್ದೂ ಟಿಕೆಟ್ ತೆಗೆದಾಗಿದೆ. ಅಗ್ಗದ ಟಿಕೆಟು, ದುಡ್ಡು ವಾಪಸ್ ಕೊಡಲ್ಲ. ನಿನ್ನ ಹಟಕ್ಕೋಸ್ಕರ ನಾನು ನಷ್ಟ ಮಾಡ್ಕೊಳ್ಳೋದಾ?"

ಥೋಮ್ ಸ್ಟೂಲಿನಿಂದ ಎದ್ದಳು.

"ದೋಣಿ ನಿಮ್ಮಮ್ಮನ ಊರಲ್ಲಿ ನಿಲ್ಲುತ್ತೋ, ಮುಂದೆ ಎಲ್ಲಾದ್ರೂ ಇಳೀಬೇಕೋ? ಸರಿಯಾಗಿ ಹೇಳು, ಬರ್ಕೋಬೇಕು" ಎಂದು ಯೂ-ಲುವಾನ್ ಪೆನ್ಸಿಲ್ ಹುಡುಕತೊಡಗಿದಳು. ಆಗ ಥೋಮ್ ಅತ್ತಳು. ಗಿರಾಕಿಗಳು ಬರುವ ಹೊತ್ತಾಯಿತು, ಮುಖ ತೊಳೆದು ಬಾ ಎಂದು ಅತ್ತೆ ಗದರಿದಳು.

ದಾರಿಯನ್ನು ಹೊಸದಾಗಿ ಗೀಚಿದರು. ಈಗ ಥೋಮಳೂ ಪಕ್ಕದಲ್ಲಿ ಕೂತಳು. ಹಾಳೆಯಿಂದ ಸೈಗಾನಿನ ಎರಡು ದಿನ ಹೋಯಿತು, ಅಂಗ್ಕೋರಿನ ಮೂರು ದಿನ ಹೋಯಿತು. ಗಡಿಯ ಠಾಣೆಯಲ್ಲಿ ಥೋಮ್ ಆ ಭಾಷೆಯ ಒಂದು ಮಾತನ್ನೂ ಆಡಕೂಡದೆಂದು ಗೊತ್ತುಮಾಡಿಕೊಂಡರು. ಪಾಸ್‌ಪೋರ್ಟು ತೈವಾನಿನದು, ಹೆಸರು ಸತ್ತವಳದು. ಹೋಗುವವರು ಇಬ್ಬರು ಪ್ರವಾಸಿ ಹೆಂಗಸರು, ಅಷ್ಟೇ. ಬರುವುದು ನಿಜವೆಂದು ಥೋಮ್ ತಾಯಿಗೆ ಫೋನ್ ಮಾಡಿದಾಗ ಅವಳು ತಾರೀಕನ್ನು ಮೂರು ಸಲ ಕೇಳಿದಳಂತೆ. ಮಗಳು ಸತ್ತಳೆಂದು ಹನ್ನೊಂದು ವರ್ಷ ತಿಳಿದಿದ್ದವಳು ಅವಳು. ಚೌದಾಕಿನ ಶಾವಿಗೆ ಅಂಗಡಿಯವರು ಹಾಗೇ ಹೇಳಿ ಕಳಿಸಿದ್ದರು. ಐದು ವರ್ಷದ ಹಿಂದೆ ತಮ್ಮನೊಬ್ಬ ಫೋನಿನಲ್ಲಿ ಅವಳ ಫೋಟೋ ಕಂಡು ಹುಡುಕಿ ಹಿಡಿದ ಮೇಲೆ, ಮುಂದಿನ ವರ್ಷ ಬರುತ್ತೇನೆ ಎಂದು ಥೋಮ್ ಐದು ಸಲ ಹೇಳಿದ್ದಳು.

ಚೌದಾಕಿನಲ್ಲಿ ಇಳಿದ ದಿನವೇ ಯೂ-ಲುವಾನ್ ಆ ಹೊಲದ ಬದುವಿಗೆ ಕರೆದುಕೊಂಡು ಹೋಗೆಂದಳು. ಶಾವಿಗೆ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಗಂಡಹೆಂಡತಿ ಎಲ್ಲಿ ಹೋದರೋ ಯಾರಿಗೂ ತಿಳಿಯದು. ಬದುವಿನಲ್ಲಿ ನಾಲ್ಕು ಇಟ್ಟಿಗೆ, ನಡುವೆ ಹುಲ್ಲು. ಹೆಸರಿಲ್ಲ. ಇರುವಂತೆಯೂ ಇರಲಿಲ್ಲ. ಯೂ-ಲುವಾನ್ ಮಂಡಿಯೂರಿ ಹುಲ್ಲು ಕಿತ್ತು, ಧೂಪದ ಇಡೀ ಕಟ್ಟನ್ನೇ ಹಚ್ಚಿದಳು.

"ನಿನ್ನ ಹೆಸರು ನಮ್ಮನೇಲಿದೆ ಮಗಾ" ಎಂದು ತನ್ನ ಹಕ್ಕಾ ಮಾತಿನಲ್ಲಿ ಹೇಳಿದಳು. "ಕೆಡಿಸಿಲ್ಲ. ಚೆನ್ನಾಗೇ ನೋಡ್ಕೊಂಡಿದೀವಿ."

ಮರುದಿನ ಬೆಳಗಿನ ದೋಣಿ. ಗಡಿ ಠಾಣೆ ಎಂದರೆ ನದಿ ದಂಡೆಯ ಮೇಲೆ ಒಂದು ತಗಡಿನ ಮಾಡು, ಎರಡು ಮೇಜು. ಅಧಿಕಾರಿ ಥೋಮಳ ಪಾಸ್‌ಪೋರ್ಟನ್ನು ತಿರುವಿ, ಅವಳ ಮುಖ ನೋಡಿ, ತನ್ನ ಭಾಷೆಯಲ್ಲಿ ಏನೋ ಕೇಳಿದ. ಥೋಮಳ ತುಟಿ ಅಲುಗಿದ್ದನ್ನು ಯೂ-ಲುವಾನ್ ಕಂಡಳು. ತಕ್ಷಣ ನಡುವೆ ನುಗ್ಗಿ, ನನ್ನ ಕನ್ನಡಕ ದೋಣಿಯಲ್ಲೇ ಉಳಿಯಿತು, ಈ ಚೀಟಿ ಹೇಗೆ ತುಂಬಲಿ ಎಂದು ಹಕ್ಕಾ ಮಾತಿನಲ್ಲಿ ರಂಪ ಎಬ್ಬಿಸಿದಳು. ಅಧಿಕಾರಿಗೆ ಏನೂ ತಿಳಿಯಲಿಲ್ಲ. ಅವಳ ಚೀಟಿಯನ್ನು ತಾನೇ ತುಂಬಿ, ಇಬ್ಬರದಕ್ಕೂ ಮುದ್ರೆ ಒತ್ತಿ, ನಗುತ್ತ ಕೈಬೀಸಿದ. ಅವನು ಕೇಳಿದ್ದೇನೆಂದು ಮೆಟ್ಟಿಲಿಳಿದ ಮೇಲೆ ಥೋಮ್ ಹೇಳಿದಳು: ಅಜ್ಜಿಗೆ ಬಿಸಿಲು ಜಾಸ್ತಿಯಾಯಿತೇನೋ, ಕೂರಿಸಿ ಎಂದಿದ್ದನಂತೆ.

ದೋಣಿ ಥೋಮಳ ತಾಯಿಯ ಊರಿಗೆ ಬಂದಾಗ, ಮುಂದೆ ಬರುವುದಿಲ್ಲವೆಂದು ದೋಣಿಯವನಿಗೆ ಹೇಳಿ ಚೀಲ ಇಳಿಸಿಕೊಂಡರು. ದಂಡೆಯ ಮರದ ಕೆಳಗೆ ಒಬ್ಬ ಹೆಂಗಸು ನಿಂತಿದ್ದಳು. ಕುಳ್ಳಗೆ, ಕತ್ತರಿಸಿದ ಬಿಳಿಗೂದಲು, ಹೆಗಲ ಮೇಲೆ ಚೌಕಳಿಯ ವಸ್ತ್ರ. ಥೋಮ್ ನಿಂತುಬಿಟ್ಟಳು. ಆ ಹೆಂಗಸು ಆತುರಪಡದೆ ನಡೆದು ಬಂದಳು. ಹತ್ತಿರ ನಿಂತು ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನೋಡಿ, ಕೆನ್ನೆಗೆ ಬಾರಿಸಿದಳು.

ಏಟಿನ ಸದ್ದಿಗೆ ದೋಣಿಯವರೆಲ್ಲ ತಿರುಗಿ ನೋಡಿದರು. ಎರಡನೆಯ ಸಲ ಕೈ ಎತ್ತುವಷ್ಟರಲ್ಲಿ ಯೂ-ಲುವಾನ್ ಸೊಸೆಯ ಮುಂದೆ ಹೋಗಿ ನಿಂತಿದ್ದಳು. ಹೇಗೆ ಹೋದಳೋ ಅವಳಿಗೇ ತಿಳಿಯದು. ಏಳು ಕಿಲೋ ಚೀಲವನ್ನು ಎದೆಗೆ ಅಡ್ಡ ಹಿಡಿದಿದ್ದಳು.

"ಸಾಕು" ಎಂದಳು. "ಇವಳು ನನ್ನ ಸೊಸೆ. ನಮ್ಮನೇಲಿ ಇವಳ ಮೇಲೆ ಯಾರೂ ಕೈ ಮಾಡಿಲ್ಲ."

ಆ ಹೆಂಗಸಿಗೆ ಮಾತು ತಿಳಿಯಲಿಲ್ಲ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅವಳು ಯೂ-ಲುವಾನಳನ್ನು ನೋಡಿದಳು. ಯೂ-ಲುವಾನ್ ಅವಳನ್ನು ನೋಡಿದಳು. ಸುಮಾರು ಒಂದೇ ವಯಸ್ಸು, ಇಬ್ಬರ ಮುಂಗೈ ಮೇಲೂ ಒಲೆಯ ಸುಟ್ಟ ಕಲೆಗಳು. ಆಮೇಲೆ ಆ ಕೈ ನಿಧಾನವಾಗಿ ಇಳಿದು ಯೂ-ಲುವಾನಳ ಮಣಿಕಟ್ಟು ಹಿಡಿಯಿತು. ಆಕೆ ಅದನ್ನು ಮೂಗಿನ ಹತ್ತಿರ ಒಯ್ದು, ಕಣ್ಣು ಮುಚ್ಚಿ, ಕೂಸಿನ ತಲೆ ಮೂಸುವಂತೆ ದೀರ್ಘವಾಗಿ ಮೂಸಿದಳು. ಮೂಸುತ್ತಲೇ ಅವಳ ಹೆಗಲು ಅಲುಗತೊಡಗಿತು.

ಹಿಂದೆ ನಿಂತಿದ್ದ ಥೋಮ್ ಕೆನ್ನೆ ಹಿಡಿದುಕೊಂಡು ಬಿಕ್ಕುತ್ತ ಏನೇನೋ ಹೇಳುತ್ತಿದ್ದಳು. ಅದು ಯಾವ ಮಾತೋ, ಯಾರಿಗೆ ಹೇಳಿದ್ದೋ ಯೂ-ಲುವಾನಳಿಗೆ ಗೊತ್ತಾಗಲಿಲ್ಲ. ಆ ಹೆಂಗಸು ಕಣ್ಣೊರೆಸಿಕೊಂಡು, ಚೀಲವನ್ನು ಯೂ-ಲುವಾನಳ ಕೈಯಿಂದ ಕಿತ್ತು ತಲೆಯ ಮೇಲಿಟ್ಟುಕೊಂಡು, ದಂಡೆಯ ಮಣ್ಣಿನ ಮೆಟ್ಟಿಲು ಹತ್ತತೊಡಗಿದಳು. ನಾಲ್ಕು ಮೆಟ್ಟಿಲು ಹತ್ತಿ, ತಿರುಗಿ, ಬೆರಳುಗಳನ್ನು ಬಾಯಿಯ ಹತ್ತಿರ ತಂದು ಊಟದ ಸನ್ನೆ ಮಾಡಿದಳು.